ಉತ್ತರ ಗೋಡೆಯ ಮಕ್ಕಳು

ಇಡಲಿನಾ ದುತ್ರಾಳನ್ನು ಪೊಲೀಸರು ಹೆಸರು ಹಿಡಿದು ಕರೆದದ್ದು ಅವಳ ಎಪ್ಪತ್ತೈದು ವರ್ಷದ ಬಾಳಿನಲ್ಲಿ ಒಂದೇ ಸಲ. ಅದೂ ಸಾಂತಾ ಬಾರ್ಬರಾ ಇಗರ್ಜಿಯ ಪಕ್ಕದಲ್ಲಿ, ಬೆಳಗಿನ ಏಳೂವರೆಗೆ, ಅವಳು ಮಡಚುವ ಕುರ್ಚಿ ಹಾಕಿಕೊಂಡು ಮಣ್ಣು ಅಗೆಯುವ ಯಂತ್ರಕ್ಕೆ ಅಡ್ಡ ಕೂತಿದ್ದಾಗ. ಆ ದಿನದ ಸಂಗತಿಯನ್ನು ಬೀದಿಯವರು ಈಗಲೂ ಆಡಿಕೊಳ್ಳುತ್ತಾರೆ. ಆದರೆ ಅವಳನ್ನು ಅಲ್ಲಿಗೆ ತಂದು ಕೂರಿಸಿದ ಸಿಟ್ಟಿಗೆ ಐವತ್ತನಾಲ್ಕು ವರ್ಷ ವಯಸ್ಸಾಗಿತ್ತು ಎಂಬುದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಹುಟ್ಟಿದ್ದು ಪೋರ್ಚುಗೀಸರ ಫಾಯಲ್ ದ್ವೀಪದಲ್ಲಿ. ಹದಿನಾರನೆಯ ವಯಸ್ಸಿನಲ್ಲಿದ್ದಾಗ ಕಡಲಿನೊಳಗಿಂದ ಬೆಂಕಿಬೆಟ್ಟ ಎದ್ದು, ಹದಿಮೂರು ತಿಂಗಳು ಬೂದಿ ಉಗುಳಿ, ಅವಳ ಅಪ್ಪನ ಮನೆಯನ್ನೂ ಜೋಳದ ಹೊಲವನ್ನೂ ಮಾಡಿನ ಮಟ್ಟಕ್ಕೆ ಹೂತುಹಾಕಿತು. ಮನೆ ಕಳೆದುಕೊಂಡವರನ್ನು ಅಮೆರಿಕ ಬರಗೊಟ್ಟಾಗ ಅವರ ಕುಟುಂಬ ಮ್ಯಾಸಚೂಸೆಟ್ಸಿನ ಈ ಗಿರಣಿ ಊರಿಗೆ ಬಂತು. ಬಂದ ಮೂರನೆಯ ದಿನ ಇಡಲಿನಾ ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ಕೂತಳು. ಎದ್ದದ್ದು ನಲವತ್ತೊಂದು ವರ್ಷದ ಮೇಲೆ. ಇಪ್ಪತ್ತಕ್ಕೆ ಅವೆಲಿನೋ ದುತ್ರಾನನ್ನು ಮದುವೆಯಾದಳು. ಗಿರಣಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದ ಅವನ ಉಗುರುಗಳು ಒಂದು ವಾರ ನೀಲಿ, ಒಂದು ವಾರ ಕೆಂಪು. ಮೃದು ಮನುಷ್ಯ. ಯಾರು ಏನು ಹೇಳಿದರೂ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ. ಇಬ್ಬರೂ ಇಗರ್ಜಿಯ ಎದುರಿನ ಮೂರಂತಸ್ತಿನ ಮರದ ಮನೆಯಲ್ಲಿ ನಡುವಿನ ಅಂತಸ್ತನ್ನು ಹಿಡಿದರು. ಅವಳು ಆ ಮನೆಯನ್ನು ಬಿಟ್ಟು ಹೋಗಲೇ ಇಲ್ಲ.

ಸಾಂತಾ ಬಾರ್ಬರಾ ಇಗರ್ಜಿಯನ್ನು ಹಿಂದಿನ ತಲೆಮಾರಿನ ಗಿರಣಿಯವರು ಪಾಳಿ ಮುಗಿಸಿ ಬಂದು, ಬೂದುಗಲ್ಲು ಹೊತ್ತು ಕಟ್ಟಿದ್ದರು. ಎರಡು ಗೋಪುರ. ಬದಿಗೋಡೆಗಳಿಗೆ ಆನಿಸಿದಂತೆ ಆರಾರು ಕಲ್ಲಿನ ಆಸರೆಗೋಡೆಗಳು. ಇಡಲಿನಾ ಆ ಇಗರ್ಜಿಯ ಪೀಠದ ಬಟ್ಟೆಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟದ್ದು ನಲವತ್ತು ವರ್ಷಕ್ಕೂ ಮೇಲೆ. ಹಾಗೆಂದು ಭಕ್ತೆಯೆಂದು ಯಾರೂ ಅವಳನ್ನು ಹೊಗಳಲಿಲ್ಲ. ಬಾಯಿ ಅಷ್ಟು ಕೆಟ್ಟದ್ದು. ಪಾದ್ರಿ ಬೆಟನ್ಕೂರ್ ಇರುವವರೆಗೆ ಅವರ ಕೈಗೆ ಮುತ್ತಿಡದೆ ಹೋದ ಹೆಂಗಸು ಇಡೀ ಊರಿನಲ್ಲಿ ಇವಳೊಬ್ಬಳೇ. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರೂ ಮುಂಬಾಗಿಲಿನ ಮೆಟ್ಟಿಲ ಮೇಲೆ ನಿಂತು ಹರಟುವಾಗ ಇವಳು ಮಾತ್ರ ಉತ್ತರದ ಬದಿಗೆ ಸುತ್ತಿಹೋಗಿ, ಬಿಸಿಲು ಬೀಳದ ಆ ಪಾಚಿ ನೆಲದಲ್ಲಿ ಒಂದು ನಿಮಿಷ ನಿಂತು ಬರುತ್ತಿದ್ದಳು. ಮಾಡಿನ ನೀರು ಸುರಿಯುವ ಕೊಳವೆಯನ್ನು ನೋಡಲು ಹೋಗುತ್ತಾಳೆಂದು ಜನ ತಿಳಿದು ಅವಳಿಗೆ ‘ಕೊಳವೆ ಇನ್‌ಸ್ಪೆಕ್ಟರ್’ ಎಂದು ಹೆಸರಿಟ್ಟರು.

ಅಲ್ಲಿ ಅವಳ ಮೊದಲ ಮಗ ಇದ್ದ.

ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರ್. ಏಳನೇ ತಿಂಗಳಲ್ಲಿ, ಮನೆಯಲ್ಲಿಯೇ, ವೈದ್ಯರು ಬರುವ ಮೊದಲೇ ಕೂಸು ಹುಟ್ಟಿತು. ಗಂಡು. ಉಸಿರಿರಲಿಲ್ಲ. ತಲೆಯ ತುಂಬ ಕಪ್ಪು ಕೂದಲಿತ್ತು. ಪಕ್ಕದ ಮನೆಯ ಜೆರ್ಟ್ರೂಡೆಸ್ ಓಡಿಬಂದು ಬಿಸಿನೀರು, ಬಟ್ಟೆ, ಏನೇನು ಬೇಕೋ ಮಾಡಿದಳು. ಆದರೆ ಕೂಸಿನ ತಲೆಗೆ ನೀರು ಹೊಯ್ದು ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನ ಮಾಡಿಸಲು ಉಸಿರಾಡುವ ಜೀವ ಬೇಕು. ಅವೆಲಿನೋ ಪಾದ್ರಿ ಬೆಟನ್ಕೂರರ ಮನೆಗೆ ಹೋದ. ಅರ್ಧ ಗಂಟೆಯಲ್ಲಿ ವಾಪಸ್ಸು ಬಂದು ಟೋಪಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ.

“ಏನಂದ್ರು?” ಹಾಸಿಗೆಯಲ್ಲಿದ್ದ ಇಡಲಿನಾ ಕೇಳಿದಳು.

“ಜ್ಞಾನಸ್ನಾನ ಆಗ್ದೇ ಇರೋ ಕೂಸಿಗೆ ಪವಿತ್ರ ಭೂಮೀಲಿ ಜಾಗ ಇಲ್ವಂತೆ. ಆಸ್ಪತ್ರೆಗೆ ಕೊಟ್ಬಿಡಿ, ಅವರು ನೋಡ್ಕೋತಾರೆ ಅಂದ್ರು.”

“ನೀನೇನಂದೆ?”

“ಅವರು ಹೇಳಿದ್ಮೇಲೆ ನಾನೇನಂತ ಹೇಳ್ಲಿ? ಊಟಕ್ಕೆ ಕೂತಿದ್ರು.”

ಆ ಕೊನೆಯ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಪಾದ್ರಿಗಳು ಇಲ್ಲವೆಂದದ್ದಕ್ಕಿಂತ, ಚಮಚ ಕೆಳಗಿಡದೆ ಇಲ್ಲವೆಂದದ್ದನ್ನು ಅವಳು ಕ್ಷಮಿಸಲಿಲ್ಲ. ಅದನ್ನು ಕೇಳಿಸಿಕೊಂಡು ಸುಮ್ಮನೆ ಬಂದ ಗಂಡನನ್ನು ಕ್ಷಮಿಸಲು ಹತ್ತು ವರ್ಷ ಬೇಕಾಯಿತು. 

ಮರುದಿನ ಬೆಳಗಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಗಂಟೆ ಹೊಡೆಯುವ, ಕಸ ಗುಡಿಸುವ ಮುದುಕ ಜಸಿಂತೋ ಹಿತ್ತಿಲ ಮೆಟ್ಟಿಲು ಹತ್ತಿ ಬಂದ. ಕಂಕುಳಲ್ಲಿ ಗಿರಣಿಯಲ್ಲಿ ನೂಲಿನ ಉಂಡೆ ಇಡುವ ಮರದ ಪೆಟ್ಟಿಗೆ ಇತ್ತು. ಒಳಗೆ ಹೊಸ ಬಿಳಿ ಬಟ್ಟೆ ಹಾಸಿದ್ದ.

“ಕೊಡಮ್ಮ,” ಎಂದ. “ಉತ್ತರದ ಗೋಡೆ ಹತ್ರ, ಮುಂದಿನಿಂದ ನಾಲ್ಕನೇ ಆಸರೆ. ಮಾಡಿನ ನೀರೆಲ್ಲ ಅಲ್ಲೇ ಬೀಳುತ್ತೆ. ಇಗರ್ಜಿ ಮೇಲಿಂದ ಹರಿದು ಬಂದ ನೀರು. ಜ್ಞಾನಸ್ನಾನ ಪಾದ್ರಿ ಕೊಡ್ದೇ ಇದ್ರೆ ಮಳೆ ಕೊಡುತ್ತೆ ಬಿಡು.”

“ಅವರಿಗೆ ಗೊತ್ತಾದ್ರೆ?”

“ಅವರು ಆ ಕಡೆ ಕಾಲಿಟ್ಟಿದ್ದೇ ಇಲ್ಲ. ಶೂ ಕೆಸರಾಗುತ್ತೆ.”

ಇಷ್ಟೇ. ಜಸಿಂತೋ ಇನ್ನೂ ಆರು ವರ್ಷ ಬದುಕಿದ್ದ. ಆ ಮಾತನ್ನು ಮತ್ತೆ ಎತ್ತಲಿಲ್ಲ. ಅವೆಲಿನೋ ಕೂಡ ತಾನು ಸಾಯುವವರೆಗೂ ಎತ್ತಲಿಲ್ಲ. ಮೂರು ವರ್ಷದ ಮೇಲೆ ಹುಟ್ಟಿದ ಮಗಳು ಲೂರ್ಡೆಸ್‌ಗೆ ತನ್ನ ಮೊದಲು ಒಬ್ಬನಿದ್ದನೆಂದು ಗೊತ್ತಾಗಲಿಲ್ಲ. ಲೂರ್ಡೆಸ್‌ಗೆ ಜ್ಞಾನತಾಯಿಯಾದವಳು ಅದೇ ಜೆರ್ಟ್ರೂಡೆಸ್; ಅಂದಿನಿಂದ ಇಬ್ಬರು ಗೆಳತಿಯರೂ ಒಬ್ಬರನ್ನೊಬ್ಬರು ಜೊತೆತಾಯಿ ಎಂಬರ್ಥದಲ್ಲಿ ‘ಕೊಮಾದ್ರೆ’ ಎಂದೇ ಕರೆಯುತ್ತಿದ್ದರು. ಒಂದೇ ಕಾರ್ಖಾನೆ, ಒಂದೇ ಬೆಂಚು, ಮುಪ್ಪಿನಲ್ಲಿ ಒಂದೇ ಮೊಣಕಾಲು ನೋವು.

ಇಡಲಿನಾ ಮನಸ್ಸಿನಲ್ಲೇ ಕೂಸಿಗೆ ಮನುಯೆಲ್ ಎಂದು ಹೆಸರಿಟ್ಟಿದ್ದಳು. ಪೀಠದ ಬಟ್ಟೆ ತೊಳೆಯಲು ಒಪ್ಪಿಕೊಂಡದ್ದೂ ಅವನಿಗಾಗಿಯೇ. ಇಗರ್ಜಿಯ ಬೀಗದ ಕೈ ಒಂದು ತನ್ನ ಬಳಿಯಿದ್ದರೆ, ಯಾವ ಹೊತ್ತಿನಲ್ಲಾದರೂ ಉತ್ತರದ ಬದಿಗೆ ಹೋದರೆ, ಏಕೆ ಬಂದೆ ಎಂದು ಯಾರೂ ಕೇಳರಲ್ಲ.

ಗಿರಣಿಗಳು ಮುಚ್ಚಿದವು. ಮಕ್ಕಳು ಓದಿ, ಹುಲ್ಲುಹಾಸಿನ ಮನೆ ಕಟ್ಟಿಕೊಂಡು ಹೊರವಲಯಕ್ಕೆ ಹೋದರು. ಭಾನುವಾರದ ಪೂಜೆಗೆ ಬರುವವರು ಮುನ್ನೂರರಿಂದ ನೂರಾದರು, ನೂರರಿಂದ ಮೂವತ್ತಾದರು. ಎರಡು ಸಾವಿರದ ಹನ್ನೆರಡರಲ್ಲಿ ಬಿಷಪ್ಪರ ಕಚೇರಿಯಿಂದ ಕಾಗದ ಬಂತು: ಸಾಂತಾ ಬಾರ್ಬರಾವನ್ನು ಮುಚ್ಚುತ್ತೇವೆ, ಪಕ್ಕದ ಧರ್ಮಕೇಂದ್ರಕ್ಕೆ ಸೇರಿಸುತ್ತೇವೆ. ಕೊನೆಯ ಪೂಜೆಯ ದಿನ ನೋಡಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಇಪ್ಪತ್ತು ವರ್ಷದಿಂದ ಮುಖ ತೋರಿಸದವರೆಲ್ಲ ದೊಡ್ಡ ದೊಡ್ಡ ಕಾರಿನಲ್ಲಿ ಬಂದಿದ್ದರು. ಫೋಟೋ ತೆಗೆದರು, ಅತ್ತರು, ಹಾಡಿನ ಪುಸ್ತಕಗಳನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರು. ತನ್ನ ಹಳೆಯ ಕಾರ್ಖಾನೆಯ ಮೇಸ್ತ್ರಿಯ ಮಗಳು ಮೂಗು ಒರೆಸಿಕೊಳ್ಳುತ್ತ, “ನಮ್ಮ ಬೇರೇ ಕಿತ್ತುಹೋದ ಹಾಗಾಯ್ತು ಆಂಟಿ,” ಎಂದಾಗ ಇಡಲಿನಾ ತಡೆಯಲಿಲ್ಲ.

“ನಿನ್ನ ಬೇರಿಗೆ ಕೊನೇ ಸಲ ನೀರು ಹಾಕಿದ್ದು ಯಾವಾಗಮ್ಮ? ಇವತ್ತು ಬಂದಿದ್ದಾರಲ್ಲ, ಇದರಲ್ಲಿ ಕಾಲು ಭಾಗ ಜನ ವಾರ ವಾರ ಬಂದಿದ್ರೆ ಇಲ್ಲಿ ಅಳೋ ಕೆಲಸಾನೇ ಇರ್ತಿರ್ಲಿಲ್ಲ. ಆ ಪುಸ್ತಕ ವಾಪಸ್ ಇಡು.”

ಆ ಹೆಂಗಸು ಪುಸ್ತಕ ವಾಪಸ್ಸಿಟ್ಟಳು.

ಅದೇ ವಾರ ಇಡಲಿನಾ ತನ್ನ ಬಾಳಿನಲ್ಲಿ ಮಾಡದ ಒಂದು ಕೆಲಸ ಮಾಡಿದಳು. ಅಡುಗೆಮನೆಯ ಮೇಜಿನ ಮುಂದೆ ಕೂತು, ಪೋರ್ಚುಗೀಸಿನಲ್ಲಿ, ಬಿಷಪ್ಪರಿಗೆ ಎರಡು ಪುಟದ ಪತ್ರ ಬರೆದಳು. ಮನುಯೆಲ್, ಮರದ ಪೆಟ್ಟಿಗೆ, ನಾಲ್ಕನೇ ಆಸರೆಗೋಡೆ, ಎಲ್ಲ. ಇಗರ್ಜಿಯನ್ನು ಏನು ಬೇಕಾದರೂ ಮಾಡಿ. ಆ ಗೋಡೆಯ ಬುಡ ಅಗೆಯುವ ಮೊದಲು ನನ್ನ ಮಗನನ್ನು ಎತ್ತಿ ಕೊಡಿ ಎಂದು ಕೇಳಿದಳು. ಅದನ್ನೇ ಇನ್ನೊಮ್ಮೆ ಬರೆದು ತನ್ನ ಬಳಿ ಒಂದು ಪ್ರತಿ ಇಟ್ಟುಕೊಂಡು, ಅಂಚೆಯಲ್ಲಿ ರಸೀದಿ ಪಡೆದು ಕಳಿಸಿದಳು. ಐದು ವಾರದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಉತ್ತರ ಬಂತು. ಸಾಂತಾ ಬಾರ್ಬರಾ ಕುರಿತ ನಿಮ್ಮ ಸುಂದರ ನೆನಪುಗಳನ್ನು ಹಂಚಿಕೊಂಡದ್ದಕ್ಕೆ ಧನ್ಯವಾದಗಳು, ನಮ್ಮ ಪ್ರಾರ್ಥನೆಗಳಲ್ಲಿ ನೀವಿರುತ್ತೀರಿ. ಕೆಳಗೆ ಸಹಿಯೂ ಅಚ್ಚಿನದೇ.

ಸುಂದರ ನೆನಪುಗಳು! ಅವಳು ಆ ಕಾಗದವನ್ನು ಮೊದಲು ಹರಿಯಬೇಕೆಂದುಕೊಂಡಳು. ಆಮೇಲೆ ಹರಿಯಲಿಲ್ಲ. ತನ್ನ ಪತ್ರದ ಪ್ರತಿಯ ಜೊತೆ ಮಡಚಿ ಬೀರುವಿನಲ್ಲಿಟ್ಟಳು.

ನಾಲ್ಕು ವರ್ಷ ಇಗರ್ಜಿ ಹಾಗೇ ಪಾಳು ಬಿತ್ತು. ಪಾರಿವಾಳಗಳು ಒಳಸೇರಿದವು. ಎರಡು ಸಾವಿರದ ಹದಿನಾರರ ವಸಂತದಲ್ಲಿ ಸುತ್ತ ಬೇಲಿ ಬಂತು, ಬೇಲಿಯ ಮೇಲೆ ಬಣ್ಣದ ಹಲಗೆ ಬಂತು: ಇಪ್ಪತ್ತೆರಡು ಐಷಾರಾಮಿ ಅಪಾರ್ಟ್‌ಮೆಂಟುಗಳು, ಇತಿಹಾಸದ ಮಡಿಲಲ್ಲಿ ನಿಮ್ಮ ಮನೆ. ಕಟ್ಟಿಸುವವನ ಹೆಸರು ಬ್ರೆಂಟ್ ಹಾಲೋವೆ. ಬೇಸಿಗೆಯೆಲ್ಲ ಗರಗಸದ ಸದ್ದು. ಸೆಪ್ಟೆಂಬರಿನ ಒಂದು ಶನಿವಾರ, ಮಾದರಿ ಮನೆಯೊಂದು ಸಿದ್ಧವಾಗಿದೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಪ್ರಕಟಣೆ ಅಂಟಿಸಿದರು.

“ಬಾ ಕೊಮಾದ್ರೆ, ಮನೆ ಕೊಂಡ್ಕೊಳ್ಳೋಣ,” ಎಂದಳು ಇಡಲಿನಾ.

“ನಿನ್ನ ಪೆನ್ಶನ್‌ನಲ್ಲಿ ಅವರ ಬಾಗಿಲಿನ ಹಿಡಿಕೇನೂ ಬರಲ್ಲ,” ಎಂದಳು ಜೆರ್ಟ್ರೂಡೆಸ್. ಆದರೂ ಇಬ್ಬರೂ ಭಾನುವಾರದ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಹೋದರು.

ಒಳಗೆ ಹೊಸ ಬಣ್ಣದ ವಾಸನೆ. ಎತ್ತರದ ಕಮಾನಿನ ನಡುವೆ ಅಟ್ಟಗಳನ್ನು ಹಾಕಿ, ಅಟ್ಟಗಳ ನಡುವೆ ಗೋಡೆಗಳನ್ನು ಎಬ್ಬಿಸಿದ್ದರು. ಪೀಠವಿದ್ದ ಜಾಗದಲ್ಲಿ ಅಡುಗೆಮನೆ; ಅದರ ನಡುವೆ ಬಿಳಿಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ನಿಂಬೆಹಣ್ಣು ತುಂಬಿದ ಗಾಜಿನ ಬಟ್ಟಲು. ತಾನು ನಲವತ್ತು ವರ್ಷ ಬಟ್ಟೆ ಹಾಸಿದ ಜಾಗದ ಮೇಲೆ ಯಾರೋ ಈರುಳ್ಳಿ ಹೆಚ್ಚಲಿದ್ದಾರೆ ಎಂದುಕೊಂಡಳು ಇಡಲಿನಾ. ಬಿಷಪ್ಪರ ಕಚೇರಿಯವರು ಪ್ರತಿಮೆ, ಪಾತ್ರೆಗಳನ್ನು ಸಾಗಿಸಿ, ಕೀಳಲಾಗದ್ದನ್ನು ಬಿಟ್ಟಿದ್ದರು. ಲಿಫ್ಟಿನ ಪಕ್ಕ ಜ್ಞಾನಸ್ನಾನದ ಕಲ್ಲಿನ ತೊಟ್ಟಿಯಿತ್ತು. ಅದರಲ್ಲಿ ಪ್ಲಾಸ್ಟಿಕ್ಕಿನ ಜರೀಗಿಡ ನೆಟ್ಟಿದ್ದರು.

ಮನೆ ತೋರಿಸುವ ಹುಡುಗಿ ನಗುನಗುತ್ತ ಅವರನ್ನು ಪಾಪನಿವೇದನೆಯ ಗೂಡಿನ ಮುಂದೆ ನಿಲ್ಲಿಸಿದಳು. ಅದೇ ಕೆತ್ತನೆಯ ಬಾಗಿಲು. ಒಳಗೆ ಮಂಡಿಯೂರುವ ಹಲಗೆಯಿದ್ದಲ್ಲಿ ಬಾಟಲಿಗಳ ಸಾಲು.

“ಇದು ವೈನ್ ಕಪಾಟು ಮೇಡಮ್. ಹಳೇ ಮರಗೆಲಸ ಹಾಗೇ ಉಳಿಸ್ಕೊಂಡಿದೀವಿ. ಬಂದೋರಿಗೆಲ್ಲ ತುಂಬಾ ಇಷ್ಟ ಆಗ್ತಿದೆ.”

“ಇದರೊಳಗೆ ಕೂತು ನಾನು ಎಷ್ಟು ಸುಳ್ಳು ಹೇಳಿದೀನಿ ಗೊತ್ತಾ ಮಗಳೇ?” ಎಂದಳು ಜೆರ್ಟ್ರೂಡೆಸ್. ಹುಡುಗಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಇಡಲಿನಾ ನಗಲಿಲ್ಲ. ಅವಳು ಗೋಡೆಗೆ ಹಚ್ಚಿದ ದೊಡ್ಡ ನಕ್ಷೆಯ ಮುಂದೆ ನಿಂತಿದ್ದಳು. ಉತ್ತರದ ಬದಿಯಲ್ಲಿ ಇಗರ್ಜಿಯ ಗೋಡೆಗೆ ತಾಗಿದಂತೆ ಉದ್ದಕ್ಕೂ ಚೌಕ ಚೌಕ ಗೆರೆಗಳು.

“ಇದೇನು?”

“ಕಾರ್ ನಿಲ್ಲಿಸೋ ಜಾಗ ಮೇಡಮ್. ಕೆಳಗೆ ಮಳೆನೀರಿನ ತೊಟ್ಟಿ ಬರುತ್ತೆ, ಎಂಟಡಿ ಆಳ. ಸೋಮವಾರದಿಂದ ಅಗೀತಾರೆ. ಸ್ವಲ್ಪ ಧೂಳಾಗುತ್ತೆ, ಅಷ್ಟೇ.”

“ಸೋಮವಾರ ಅಂದ್ರೆ ನಾಡಿದ್ದಾ?”

“ಹೌದು. ನಿಮ್ಮ ಹತ್ರ ಎಷ್ಟು ಕಾರಿದೆ?”

ಇಡಲಿನಾ ಉತ್ತರ ಕೊಡದೆ ಹೊರಟಳು. ರಸ್ತೆ ದಾಟುವಾಗ ಜೆರ್ಟ್ರೂಡೆಸ್ ಅವಳ ತೋಳು ಹಿಡಿದುಕೊಂಡಳು.

ಭಾನುವಾರ ಲೂರ್ಡೆಸ್ ಊಟಕ್ಕೆ ಬಂದಳು. ಐವತ್ತೊಂದರ ಆಕೆ ಪಕ್ಕದ ಊರಿನ ಶಾಲೆಯ ಅಡುಗೆಮನೆ ನಡೆಸುತ್ತಿದ್ದಳು. ಮಾತು ಅಮ್ಮನ ಹಾಗೆ, ಎದೆ ಅಪ್ಪನ ಹಾಗೆ. ಕೇಲ್ ಸೊಪ್ಪಿನ ಸಾರು ಬಡಿಸಿ, ತಾನು ಕೂರದೆ, ಒಲೆಗೆ ಬೆನ್ನು ಕೊಟ್ಟು ನಿಂತು ಇಡಲಿನಾ ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಸಾರು ಆರಿಹೋಗಿತ್ತು.

“ನಂಗೊಬ್ಬ ಅಣ್ಣ ಇದ್ದನಾ?” ಎಂದಳು ಲೂರ್ಡೆಸ್. ಚಮಚ ಕೆಳಗಿಟ್ಟು, “ಐವತ್ತು ವರ್ಷ! ನಾನು ಆ ಗೋಡೆಗೆ ಚೆಂಡು ಹೊಡ್ಕೊಂಡು ಆಡಿದೀನಿ ಅಮ್ಮಾ. ಕಿಟಕೀಲಿ ನಿಂತು ನೋಡ್ತಿದ್ಯಲ್ಲ.”

“ನೋಡ್ತಿದ್ದೆ. ಅಣ್ಣನ ಜೊತೆ ಆಡ್ತಿದಾಳೆ ಅಂದ್ಕೋತಿದ್ದೆ.”

“ಹೇಳ್ಬಾರ್ದಿತ್ತಾ?”

“ಏನಂತ ಹೇಳ್ಲಿ? ನಿಮ್ಮಣ್ಣನಿಗೆ ದೇವರ ಮನೇಲಿ ಜಾಗ ಇಲ್ಲ, ಕದ್ದು ಹೂತಿದೀವಿ ಅಂತಾನಾ? ಒಂದು ಕಡೆ ಹೇಳ್ದೆ. ಬಿಷಪ್ಪರಿಗೇ ಬರೆದೆ. ನಿನ್ನ ಸುಂದರ ನೆನಪಿಗೆ ಥ್ಯಾಂಕ್ಸ್ ಅಂದ್ರು.”

ಲೂರ್ಡೆಸ್ ಆ ಕಾಗದವನ್ನು ಓದಿದಳು. ಓದಿ, ಅಮ್ಮನ ಮೇಲಿನ ಮುನಿಸನ್ನು ಬದಿಗಿಟ್ಟಳು. “ನಾಳೆ ಶಾಲೆಗೆ ರಜೆ ಹಾಕ್ತೀನಿ,” ಎಂದಳು.

ಅವಳು ಬರುವಷ್ಟರಲ್ಲಿ ಇಡಲಿನಾ ಆಗಲೇ ಕೂತಾಗಿತ್ತು. ಬೇಲಿಯ ಬಾಗಿಲನ್ನು ಕೆಲಸದವರು ತೆರೆದ ಕೂಡಲೇ ಕುರ್ಚಿ ಎತ್ತಿಕೊಂಡು ನೆಟ್ಟಗೆ ಒಳಗೆ ನಡೆದು, ನಾಲ್ಕನೇ ಆಸರೆಗೋಡೆಯ ಮುಂದೆ ಹಾಕಿಕೊಂಡಿದ್ದಳು. ಯಂತ್ರ ನಡೆಸುವವನು ಗ್ವಾಟೆಮಾಲಾದವನು, ನಡುವಯಸ್ಸಿನವನು. ಎರಡು ಸಲ ಹಾರ್ನ್ ಹೊಡೆದು ಸುಮ್ಮನಾದ. ಬ್ರೆಂಟ್ ಹಾಲೋವೆ ಕಾರಿಳಿದು ಓಡಿಬಂದ. ಮೊದಲು ಸಮಾಧಾನ ಹೇಳಿದ, ಆಮೇಲೆ ಪೊಲೀಸರನ್ನು ಕರೆದ.

ಬಂದವನು ಕೆವಿನ್ ಮೆಡೈರೋಸ್. ಮೂರನೇ ಬೀದಿಯ ಮೆಡೈರೋಸರ ಮೊಮ್ಮಗ.

“ಇಡಲಿನಾ ದುತ್ರಾ ಅಂದ್ರೆ ನೀವೇನಾ?” ಎಂದ ಪುಸ್ತಕ ತೆರೆದು.

“ಗೊತ್ತಿಲ್ದೇ ಕೇಳ್ತಿದೀಯಾ? ನಿಮ್ಮಜ್ಜಿ ಮದುವೆ ಮುಸುಕು ಹೊಲಿದೋಳು ನಾನು.”

ಅವನ ಕಿವಿ ಕೆಂಪಾಯಿತು. “ಅಜ್ಜಿ, ದಯವಿಟ್ಟು ಏಳಿ. ಇದು ಖಾಸಗಿ ಜಾಗ.”

“ಯಾರಪ್ಪನ ಖಾಸಗಿ? ನಿಮ್ಮ ಮುತ್ತಜ್ಜ ಬೆನ್ನ ಮೇಲೆ ಹೊತ್ತು ತಂದ ಕಲ್ಲು ಇದು.”

“ಅದೆಲ್ಲ ಸರಿ. ಈಗ ಮಾರಾಟ ಆಗಿದೆ. ನೀವು ಏಳ್ದೇ ಇದ್ರೆ ನಾನು ಎಬ್ಬಿಸ್ಬೇಕಾಗುತ್ತೆ.”

ಆಗ ಇಡಲಿನಾ ಎದ್ದಳು. ಎದ್ದದ್ದು ಹೋಗಲಿಕ್ಕಲ್ಲ. ಬೇಲಿಯ ಆಚೆ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು. ನಲವತ್ತೊಂದು ವರ್ಷ ಯಂತ್ರಗಳ ಗದ್ದಲದ ಮೇಲೆ ಮಾತಾಡಿ ಪಳಗಿದ ಗಂಟಲು ಅವಳದ್ದು.

“ಇಲ್ಲಿ ನನ್ನ ಮಗ ಇದ್ದಾನೆ!” ಎಂದು ಕೂಗಿದಳು. “ಕೇಳಿಸ್ತಾ ಎಲ್ಲರಿಗೂ? ಈ ಮಣ್ಣಿನಡಿ. ನೂಲಿನ ಪೆಟ್ಟಿಗೇಲಿ. ಉಸಿರಿಲ್ದೇ ಹುಟ್ಟಿದ ಅಂತ ಸ್ಮಶಾನದಲ್ಲಿ ಜಾಗ ಕೊಡ್ಲಿಲ್ಲ. ಮುದುಕ ಜಸಿಂತೋ ಕದ್ದು ತಂದು ಹೂತ. ನಾನು ಬಿಷಪ್ಪರಿಗೆ ಬರೆದಿದೀನಿ, ಅವರಿಗೆ ಗೊತ್ತು, ಗೊತ್ತಿದ್ದೇ ಮಾರಿದಾರೆ! ಈಗ ಇವನು ಇದರ ಮೇಲೆ ಕಾರ್ ನಿಲ್ಲಿಸ್ತಾನಂತೆ. ಬನ್ನಿ, ನನ್ನ ಮೇಲೆ ನಿಲ್ಲಿಸಿ ಮೊದ್ಲು!”

ಯಂತ್ರದವನಿಗೆ ಅವಳ ಮಾತು ಅರ್ಧ ಅರ್ಥವಾಗಿರಬೇಕು. ಎಂಜಿನ್ ಆರಿಸಿ, ಕೆಳಗಿಳಿದು, ತಲೆಯ ಮೇಲಿನ ಹಳದಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ನಿಂತ.

“ಏನೋ ಹಳೇ ಕಾಲದ ಕಟ್ಟುಕಥೆ,” ಎಂದ ಹಾಲೋವೆ. “ಈ ವಯಸ್ಸಲ್ಲಿ ಮನಸ್ಸು ಏನೇನೋ…”

“ಕಟ್ಟುಕಥೆ ಅಲ್ಲ,” ಎಂದಿತು ಒಂದು ದನಿ. ಜೆರ್ಟ್ರೂಡೆಸ್ ಬೇಲಿಯ ಒಳಗೆ ಬಂದಿದ್ದಳು. ಮುಖ ಸುಣ್ಣದ ಹಾಗಿತ್ತು. “ನಂದೂ ಒಂದು ಇಲ್ಲೇ ಇದೆ. ಹೆಣ್ಣು. ಮೊದಲನೇ ಆಸರೆ ಹತ್ರ. ಐವತ್ತೊಂಬತ್ತರಲ್ಲಿ.”

ಇಡಲಿನಾ ತಿರುಗಿ ನೋಡಿದಳು. ಆ ಬೆಳಗ್ಗೆ ಅವಳಿಗೆ ಪಾದ್ರಿಯ ಮೇಲೆ, ಬಿಷಪ್ಪರ ಮೇಲೆ, ಹಾಲೋವೆಯ ಮೇಲೆ ಬಂದಿದ್ದ ಸಿಟ್ಟೆಲ್ಲ ಒಂದು ಕ್ಷಣ ಈ ಗೆಳತಿಯ ಮೇಲೆ ಎರಗಿತು.

“ಐವತ್ತು ವರ್ಷ ನನ್ನ ಪಕ್ಕ ಕೂತು ಹೊಲಿದೆ. ನನ್ನ ಕೂಸನ್ನ ಕೈಯಾರೆ ಒರೆಸಿದೆ. ಒಂದು ಮಾತು ಹೇಳ್ಲಿಲ್ವಲ್ಲೇ!”

“ನೀನು ಹೇಳಿದ್ಯಾ ಲೂರ್ಡೆಸ್‌ಗೆ?” ಎಂದಳು ಜೆರ್ಟ್ರೂಡೆಸ್. “ನಿನ್ನ ಮನೆಗೆ ಜಸಿಂತೋನ್ನ ಕಳಿಸಿದ್ದು ಯಾರು ಅಂದ್ಕೊಂಡಿದೀಯಾ?”

ಇಡಲಿನಾ ಕುರ್ಚಿಯನ್ನು ಎಳೆದು ಗೆಳತಿಯನ್ನು ಅದರಲ್ಲಿ ಕೂರಿಸಿದಳು. ತಾನು ಪಕ್ಕದಲ್ಲಿ ನಿಂತಳು. ಮಧ್ಯಾಹ್ನದೊಳಗೆ ಇನ್ನೂ ನಾಲ್ವರು ಬಂದರು. ಒಬ್ಬಳು ತನ್ನದಲ್ಲ, ತನ್ನ ಸತ್ತ ತಾಯಿಯದು ಎಂದಳು. ಇನ್ನೊಬ್ಬಳು ಗಾಲಿಕುರ್ಚಿಯಲ್ಲಿದ್ದಳು, ಮಗಳು ತಳ್ಳಿಕೊಂಡು ಬಂದಿದ್ದಳು. ಕೆವಿನ್ ಮೆಡೈರೋಸ್ ಪುಸ್ತಕ ಮುಚ್ಚಿ ಮೇಲಧಿಕಾರಿಗೆ ಫೋನು ಮಾಡಿದ. ಯಂತ್ರ ಆ ದಿನ ಮತ್ತೆ ಶುರುವಾಗಲಿಲ್ಲ.

ಸರ್ಕಾರದಿಂದ ಪುರಾತತ್ವದವರು ಬಂದರು. ಸಣ್ಣ ಕರಣೆ, ಕುಂಚಗಳಿಂದ ಮೂರು ವಾರ ಮಣ್ಣು ಬಿಡಿಸಿದರು. ಹೆಂಗಸರು ದಿನವೂ ಬೇಲಿಯ ಬಳಿ ಕುರ್ಚಿ ಹಾಕಿ ಕೂತರು. ಮರದ ಪೆಟ್ಟಿಗೆ, ಬಿಸ್ಕತ್ತಿನ ಡಬ್ಬಿ, ಒಂದು ಕಡೆ ಬರೀ ಬಟ್ಟೆಯ ಗಂಟು. ಒಟ್ಟು ಹದಿನಾಲ್ಕು. ನಾಲ್ಕನೇ ಆಸರೆಯ ಬುಡದಲ್ಲಿ ಒಂದೇ ಪೆಟ್ಟಿಗೆ ಇತ್ತು. ಅದರ ಹಿತ್ತಾಳೆಯ ಕೊಂಡಿ ಹಸಿರುಗಟ್ಟಿತ್ತು. ಇಡಲಿನಾ ಅದನ್ನು ಮುಟ್ಟಲು ಕೇಳಿದಳು. ಕೈಗವಸು ಹಾಕಿಸಿ ಬಿಟ್ಟರು. ಜೆರ್ಟ್ರೂಡೆಸಳ ಮಗಳು ಸಿಗಲಿಲ್ಲ. ಮೊದಲನೇ ಆಸರೆಯ ಹತ್ತಿರ ಎಪ್ಪತ್ತರ ದಶಕದಲ್ಲಿ ಯಾರೋ ಚರಂಡಿಯ ಕೊಳವೆ ಹೂಳಲು ಅಗೆದಿದ್ದರು. ಅಲ್ಲಿ ಇದ್ದದ್ದು ಕೊಳವೆ ಮಾತ್ರ.

“ಎಲ್ಲಿ ಎಸೆದ್ರೋ,” ಎಂದಳು ಜೆರ್ಟ್ರೂಡೆಸ್. ಆ ಸಂಜೆ ಇಡಲಿನಾ ತನ್ನ ಅಡುಗೆಮನೆಯಲ್ಲಿ ಎರಡು ತಟ್ಟೆ ಒಡೆದಳು, ಬೇಕೆಂದೇ.

ಅಕ್ಟೋಬರಿನಲ್ಲಿ ಬಿಷಪ್ಪರ ಕಚೇರಿಯಿಂದ ಮೊನ್ಸಿಞ್ಞೋರ್ ಪದವಿಯ ಹಿರಿಯ ಪಾದ್ರಿಯೊಬ್ಬರು ಬಂದರು. ಐವತ್ತರ ಆಸುಪಾಸಿನ, ಮೃದು ಕೈಗಳ ಮನುಷ್ಯ. ಇಡಲಿನಾಳ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದರು. ಲೂರ್ಡೆಸ್, ಜೆರ್ಟ್ರೂಡೆಸ್ ಇಬ್ಬರೂ ಇದ್ದರು. ಮಕ್ಕಳನ್ನು ಸ್ಮಶಾನದ ಹಿಂಬದಿಯಲ್ಲಿ, ಒಂದು ಸುಂದರವಾದ ಮೂಲೆಯಲ್ಲಿ, ಪೂಜೆ ಮಾಡಿ ಮಣ್ಣು ಮಾಡುತ್ತೇವೆ, ಬಿಷಪ್ಪರೇ ಬರುತ್ತಾರೆ, ಪತ್ರಿಕೆಯವರೂ ಬರುತ್ತಾರೆ ಎಂದರು.

“ನಮಗೆಲ್ಲ ತುಂಬಾ ನೋವಾಗಿದೆ,” ಎಂದರು. “ಆಗಿನ ಕಾಲ ಹಾಗಿತ್ತು, ಸೆನ್ಹೋರಾ.”

“ಕಾಲ ಬಂದು ಇಲ್ಲ ಅಂದಿತಾ?” ಎಂದಳು ಇಡಲಿನಾ. “ಇಲ್ಲ ಅಂದಿದ್ದು ಒಬ್ಬ ಮನುಷ್ಯ. ಊಟ ಮಾಡ್ತಾ ಕೂತಿದ್ದ. ಕೆಸರಾಗುತ್ತೆ ಅಂತ ಆ ಕಡೆ ಕಾಲಿಡದ ಮನುಷ್ಯ. ಅದೇ ಕಾಲದಲ್ಲಿ ಜಸಿಂತೋನೂ ಇದ್ದ, ಅವನಿಗ್ಯಾಕೆ ಹಾಗನ್ನಿಸ್ಲಿಲ್ಲ?”

ಅವರು ಕಪ್ಪು ಕೆಳಗಿಟ್ಟರು. ಇಡಲಿನಾ ಬೀರು ತೆರೆದು ಎರಡು ಕಾಗದಗಳನ್ನು ಅವರ ಮುಂದೆ ಹರಡಿದಳು. ಅವರು ಪೋರ್ಚುಗೀಸಿನದನ್ನು ನಿಧಾನವಾಗಿ, ತುಟಿಯಲ್ಲೇ ಓದಿಕೊಂಡರು. ಅಚ್ಚಿನದನ್ನು ಓದಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರ ಕುತ್ತಿಗೆ ಕೆಂಪೇರಿತು.

“ಇದು ನನ್ನ ಗಮನಕ್ಕೆ ಬಂದಿರಲಿಲ್ಲ.”

“ಈಗ ಬಂತಲ್ಲ. ಹಿಂಬದಿ ಮೂಲೆ ನಮಗೆ ಬೇಡ. ಮೂಲೇಲಿ ಇಟ್ಟಿದ್ದು ಸಾಕು. ಸ್ಮಶಾನದಲ್ಲಿ ಮುಂದೆ, ಶಿಲುಬೆ ಕೆಳಗೆ ಪಾದ್ರಿಗಳ ಸಾಲಿದೆ. ಬೆಟನ್ಕೂರ್ ಪಕ್ಕದಲ್ಲಿ ಜಾಗ ಖಾಲಿ ಇದೆ. ನಾನು ಹೋಗಿ ಅಳೆದು ಬಂದಿದೀನಿ. ಅಲ್ಲಿ ಮಲಗಿಸಿ.”

“ಅದು ಗುರುಗಳಿಗೆ ಮೀಸಲಾದ…”

“ಅದಕ್ಕೇ ಅಲ್ಲಿ ಕೇಳಿದ್ದು. ಕೊನೇ ದಿನ ದೇವರು ಎಲ್ಲರನ್ನೂ ಎಬ್ಬಿಸ್ತಾನೆ ಅಂತೀರಲ್ಲ, ಅವತ್ತು ಆ ಮನುಷ್ಯ ಕಣ್ಣು ಬಿಟ್ಟಾಗ ಮೊದ್ಲು ಕಾಣೋದು ಇವರ ಮುಖ ಆಗಿರ್ಬೇಕು. ಕಲ್ಲಿನ ಮೇಲೆ ಹದಿನೈದು ಅಂತ ಬರೀಬೇಕು.”

“ಸಿಕ್ಕಿದ್ದು ಹದಿನಾಲ್ಕಲ್ವಾ?”

“ಹದಿನೈದು,” ಎಂದಳು ಇಡಲಿನಾ, ಜೆರ್ಟ್ರೂಡೆಸಳ ಕಡೆ ನೋಡದೆ. “ಪತ್ರಿಕೆಯವರನ್ನ ನೀವು ಕರೀಬೇಡಿ. ನೀವು ಆಗಲ್ಲ ಅಂದ್ರೆ ನಾನೇ ಕರೀತೀನಿ. ಈ ಎರಡು ಕಾಗದ ತೋರಿಸ್ತೀನಿ.”

ಒಂದು ವಾರ ಬಿಟ್ಟು ಒಪ್ಪಿಗೆ ಬಂತು. ಈ ಸಲ ಸಹಿ ಶಾಯಿಯಲ್ಲಿತ್ತು.

ಬ್ರೆಂಟ್ ಹಾಲೋವೆಯ ಅಪಾರ್ಟ್‌ಮೆಂಟುಗಳು ನಿಲ್ಲಲಿಲ್ಲ. ಆರು ತಿಂಗಳು ತಡವಾಗಿ ಮುಗಿದವು, ಅಷ್ಟೇ, ಎಲ್ಲವೂ ಬಿಕರಿಯಾದವು. ಉತ್ತರದ ಬದಿಯಲ್ಲಿ ಅವನು ಗೋಡೆಗೊಂದು ಫಲಕ ಹಾಕಿಸುತ್ತೇನೆಂದು ಹೇಳಿಕಳಿಸಿದ. ನಿನ್ನ ಮನೆ ಮಾರಲಿಕ್ಕೆ ನನ್ನ ಮಗ ಬೇಕಿಲ್ಲ ಎಂದು ಇಡಲಿನಾ ಉತ್ತರ ಕಳಿಸಿದಳು. ಈಗ ಅಲ್ಲಿ ಕಾರುಗಳು ನಿಲ್ಲುತ್ತವೆ. ಹೊಸದಾಗಿ ಬಂದವರು ಒಳ್ಳೆಯವರೇ. ನಾಯಿ ಹಿಡಿದುಕೊಂಡು ಹೋಗುವಾಗ ಕೈ ಬೀಸುತ್ತಾರೆ. ಇಡಲಿನಾ ಕೈ ಬೀಸುವುದಿಲ್ಲ. ಅವರ ಮೇಲೆ ಸಿಟ್ಟಿಲ್ಲ ಎಂದು ಲೂರ್ಡೆಸ್ ಬಳಿ ಹೇಳಿಕೊಂಡಿದ್ದಾಳೆ, ಆದರೆ ಕೈ ಮೇಲೇಳುವುದಿಲ್ಲವಂತೆ.

ಮಣ್ಣು ಮಾಡಿದ್ದು ಮುಂದಿನ ಏಪ್ರಿಲಿನಲ್ಲಿ, ನೆಲದ ಹಿಮ ಕರಗಿದ ಮೇಲೆ. ಬಿಷಪ್ಪರು ಬರಲಿಲ್ಲ, ಮೊನ್ಸಿಞ್ಞೋರ್ ಒಬ್ಬರೇ ಬಂದರು. ಹದಿನಾಲ್ಕು ಬಿಳಿ ಪೆಟ್ಟಿಗೆಗಳು, ಜೊತೆಗೆ ಖಾಲಿಯಾದ ಇನ್ನೊಂದು. ಆ ಖಾಲಿ ಪೆಟ್ಟಿಗೆಯಲ್ಲಿ ಜೆರ್ಟ್ರೂಡೆಸ್ ತಾನು ಹೊಲಿದ ಒಂದು ಪುಟ್ಟ ಅಂಗಿ ಇಟ್ಟಿದ್ದಳು. ಬೀದಿಯ ಜನರೆಲ್ಲ ಬಂದಿದ್ದರು. ಯಂತ್ರ ನಡೆಸುತ್ತಿದ್ದ ಗ್ವಾಟೆಮಾಲಾದವನೂ ಹೆಂಡತಿಯೊಡನೆ ಬಂದು ಹಿಂದೆ ನಿಂತಿದ್ದ. ಪ್ರಾರ್ಥನೆ ಮುಗಿಯಿತು. ಗುಂಡಿ ಮುಚ್ಚಲು ಸ್ಮಶಾನದ ಇಬ್ಬರು ಕೆಲಸಗಾರರು ಸಲಿಕೆ ಹಿಡಿದು ಮುಂದೆ ಬಂದರು. ಮೊನ್ಸಿಞ್ಞೋರ್ ಇಡಲಿನಾಳ ಬಳಿ ಬಂದು ಕೈ ಚಾಚಿದರು.

“ಈಗ ನಿಮ್ಮ ಮನಸ್ಸಿಗೆ ಶಾಂತಿ ಸಿಗಲಿ, ಸೆನ್ಹೋರಾ.”

ಅವಳು ಆ ಚಾಚಿದ ಕೈಯನ್ನು ನೋಡಿದಳು. ಕೆಲಸಗಾರನ ಕೈಯಿಂದ ಸಲಿಕೆ ತೆಗೆದುಕೊಂಡು ಅದರಲ್ಲಿಟ್ಟಳು.

“ನೀವು ಮುಚ್ಚಿ,” ಎಂದಳು.

ಅವರು ಒಂದು ಗಳಿಗೆ ಸುತ್ತಲಿನ ಜನರನ್ನು ನೋಡಿದರು. ಆಮೇಲೆ ಮೇಲಂಗಿ ಕಳಚಿ ಲೂರ್ಡೆಸ್ ಕೈಗೆ ಕೊಟ್ಟು, ಮಣ್ಣಿನ ರಾಶಿಗೆ ಇಳಿದರು. ಅಭ್ಯಾಸವಿಲ್ಲದ ಕೈ; ಮೊದಮೊದಲು ಅರ್ಧ ಮಣ್ಣು ಬೂಟಿನ ಮೇಲೇ ಬಿತ್ತು. ಜನ ಒಬ್ಬೊಬ್ಬರಾಗಿ ಕರಗಿದರು. ಮುಗಿಯಲು ಒಂದು ಗಂಟೆಗೂ ಮೇಲೆ ಹಿಡಿಯಿತು. ಅವರ ಅಂಗೈಯಲ್ಲಿ ಗುಳ್ಳೆಗಳೆದ್ದು ಒಡೆದಿದ್ದವು. ಅಲ್ಲಿಯವರೆಗೂ ಇಡಲಿನಾ ಗೆಳತಿಯ ತೋಳು ಹಿಡಿದುಕೊಂಡು ನಿಂತೇ ಇದ್ದಳು.

“ಶಾಂತಿ ಸಿಕ್ತಾ ಕೊಮಾದ್ರೆ?” ಎಂದಳು ಜೆರ್ಟ್ರೂಡೆಸ್, ಗೇಟಿನ ಕಡೆ ನಡೆಯುವಾಗ.

“ಇಲ್ಲ,” ಎಂದಳು ಇಡಲಿನಾ. “ನಿಂಗೆ?”

“ನಂಗೂ ಇಲ್ಲ.”

“ನಡಿ ಹಾಗಾದ್ರೆ. ಕಾಲು ನೋಯ್ತಿದೆ, ಬಸ್ಸು ತಪ್ಪಿಹೋಗುತ್ತೆ.”